ಮನೆಯ ಪ್ರಶ್ನೆ, ತರಗತಿಯ ಪ್ರಶ್ನೆ

ಅಭ್ಯಾಸ ಬೋಧನೆಯ ವೀಕ್ಷಣಾ ನಮೂನೆಯಲ್ಲಿ ‘ಪ್ರಶ್ನಿಸುವ ಕೌಶಲ’ ಎಂಬ ಅಂಕಣವೊಂದಿದೆ. ಪ್ರಶಿಕ್ಷಣಾರ್ಥಿಯ ಪ್ರಶ್ನೆಗಳು ಸ್ಪಷ್ಟವಾಗಿದ್ದವೇ, ಹಿಂದಿನ ಸಾಲಿನವರೆಗೂ ಹಂಚಿಕೆಯಾದವೇ, ಸುಲಭದಿಂದ ಕಠಿಣಕ್ಕೆ ಸಾಗಿದವೇ ಎಂದು ನೋಡಿ ನಾವು ಅಂಕ ಹಾಕುತ್ತೇವೆ. ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಆ ನಮೂನೆಯಲ್ಲಿ ಒಂದು ಗೆರೆಯ ಜಾಗವೂ ಇಲ್ಲ. ಮೇಲ್ವಿಚಾರಕನಾಗಿ ಈ ನಮೂನೆಯನ್ನು ಎಷ್ಟೋ ಸಲ ತುಂಬಿದ್ದೇನೆ. ಅದರ ಬಗ್ಗೆ ಯೋಚಿಸುವಂತೆ ಮಾಡಿದ್ದು ಮಾತ್ರ ಯಾವ ಕಾರ್ಯಾಗಾರವೂ ಅಲ್ಲ, ಮನೆಯಲ್ಲಿರುವ ಇಬ್ಬರು ಮಕ್ಕಳು. ಮಗಳಿಗೆ ಈಗ ಆರೂವರೆ ವರ್ಷ, ಒಂದನೆಯ ತರಗತಿ. ಮಗನಿಗೆ ನಾಲ್ಕು, ಅಂಗನವಾಡಿಗೆ ಹೋಗುತ್ತಾನೆ. ಬೆಳಗಿನ ಸ್ನಾನ, ತಿಂಡಿ, ಶಾಲೆಗೆ ಬಿಡುವುದು ನನ್ನ ಪಾಲಿನ ಕೆಲಸ. ಆದ್ದರಿಂದ ದಿನದ ಮೊದಲ ಪ್ರಶ್ನೆಗಳೂ ನನ್ನ ಪಾಲಿಗೇ ಬರುತ್ತವೆ.

ತಂದೆಯೊಬ್ಬ ತನ್ನ ಮಕ್ಕಳನ್ನೇ ಉದಾಹರಣೆಯಾಗಿಟ್ಟುಕೊಂಡು ಬರೆಯುವುದು ಎಷ್ಟು ಸರಿ ಎಂದು ಕೆಲವರು ಕೇಳಬಹುದು. ಈ ಪದ್ಧತಿ ಹಳೆಯದು. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಹಿರಿಯ ಮಗನ ಬೆಳವಣಿಗೆಯನ್ನು ಟಿಪ್ಪಣಿ ಮಾಡಿಟ್ಟುಕೊಂಡಿದ್ದ. 37 ವರ್ಷ ಕಳೆದ ಮೇಲೆ, 1877ರಲ್ಲಿ, ಅದನ್ನು ಲೇಖನವಾಗಿ ಪ್ರಕಟಿಸಿದ. ಬುದ್ಧಿಯ ಬೆಳವಣಿಗೆಯ ಬಗ್ಗೆ ನಾವು ಪಾಠ ಹೇಳುವ ಪಿಯಾಜೆ ತನ್ನ ಮೂವರು ಮಕ್ಕಳನ್ನು ತೊಟ್ಟಿಲಿನಿಂದಲೇ ಗಮನಿಸಿ ಬರೆದ. ಆದರೆ ನಮ್ಮ ಮಗು ಒಂದು ಮಗು ಮಾತ್ರ. ಅದರಿಂದ ಎಲ್ಲ ಮಕ್ಕಳ ಬಗ್ಗೆ ತೀರ್ಮಾನ ಹೊರಡಿಸಲು ಬರುವುದಿಲ್ಲ. ತರಗತಿಯಲ್ಲಿ ಏನನ್ನು ಹುಡುಕಬೇಕು ಎಂಬ ಸುಳಿವು ಸಿಗುತ್ತದೆ, ಅಷ್ಟೆ. ಆ ಎಚ್ಚರ ಇಟ್ಟುಕೊಂಡೇ ಮುಂದಿನದನ್ನು ಬರೆಯುತ್ತಿದ್ದೇನೆ.

ತಿಪಟೂರಿನ ಕಡೆಯಿಂದ ಒಂದು ರಾತ್ರಿ ಬಸ್ಸಿನಲ್ಲಿ ಬರುತ್ತಿದ್ದೆವು. ಕಿಟಕಿಯ ಪಕ್ಕ ಕುಳಿತಿದ್ದ ಮಗ ಕೇಳಿದ: “ಅಪ್ಪಾ, ಚಂದಮಾಮ ಯಾಕೆ ನಮ್ಮ ಬಸ್ ಜೊತೇನೇ ಬರ್ತಾನೆ?”

ಪ್ರಶಿಕ್ಷಣಾರ್ಥಿಗಳಿಗೆ ನಾವು ಹೇಳಿಕೊಡುವಂತೆ, ಪ್ರಶ್ನೆಯನ್ನು ಅವನಿಗೇ ತಿರುಗಿಸಿದೆ: “ನಿಂಗೇನು ಅನ್ಸುತ್ತೆ?”

“ನಂಗೆ ಗೊತ್ತಿದ್ರೆ ನಿನ್ನ ಯಾಕೆ ಕೇಳ್ತಿದ್ದೆ?”

ಮುಂದಿನ ಸೀಟಿನವರು ತಿರುಗಿ ನೋಡಿ ನಕ್ಕರು. ನಾನು ದಾರಿ ಬದಲಿಸಿದೆ. ಪಕ್ಕದ ತೆಂಗಿನ ಮರಗಳು ನಮ್ಮ ಜೊತೆ ಬರುತ್ತಿವೆಯೇ ನೋಡು ಎಂದೆ. “ಇಲ್ಲ, ಹಿಂದಕ್ಕೆ ಓಡ್ತಿವೆ.” ದೂರದ ಆ ಗುಡ್ಡ? ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. “ಅದು ಸ್ವಲ್ಪ ಸ್ವಲ್ಪ ಬರ್ತಿದೆ.” ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಅವನೇ ಕೇಳಿದ: “ಚಂದಮಾಮ ಗುಡ್ಡಕ್ಕಿಂತ ದೂರಾನಾ?” ಅಲ್ಲಿಯವರೆಗೆ ಬಾಯಿ ಬಿಡದೆ ಕುಳಿತಿದ್ದ ಮಗಳು ಆಗ ಕೇಳಿದಳು: “ಎದುರಿಂದ ಬರೋ ಬಸ್ಸಿನವರ ಜೊತೆ ಯಾವ ಚಂದಮಾಮ ಹೋಗ್ತಾನೆ ಹಾಗಾದ್ರೆ?”

ಚಂದ್ರ ಸರಾಸರಿ 3,84,000 ಕಿಲೋಮೀಟರ್ ದೂರದಲ್ಲಿರುವುದರಿಂದ ನಾವು ಹತ್ತು ಮೈಲಿ ಹೋದರೂ ಅವನು ಕಾಣುವ ದಿಕ್ಕು ನಮ್ಮ ಕಣ್ಣಿಗೆ ಗೊತ್ತಾಗುವಷ್ಟು ಬದಲಾಗುವುದಿಲ್ಲ. ಹತ್ತಿರದ ಮರದ ದಿಕ್ಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಬದಲಾಗದೆ ಉಳಿದದ್ದು ಜೊತೆಗೆ ಬಂದಂತೆ ಕಾಣುತ್ತದೆ. ಇಷ್ಟನ್ನು ನಾನು ಮೊದಲೇ ಹೇಳಿಬಿಟ್ಟಿದ್ದರೆ ಗುಡ್ಡವನ್ನು ಅವನು ನೋಡುತ್ತಿರಲಿಲ್ಲ, ಎದುರಿನ ಬಸ್ಸು ಅವಳಿಗೆ ಹೊಳೆಯುತ್ತಿರಲಿಲ್ಲ. ಚಂದ್ರ ನಮ್ಮ ಹಿಂದೆ ಬರುತ್ತಾನೆಯೇ, ಇಬ್ಬರು ಬೇರೆ ಬೇರೆ ದಿಕ್ಕಿಗೆ ನಡೆದರೆ ಯಾರ ಹಿಂದೆ ಹೋಗುತ್ತಾನೆ ಎಂದು ಪಿಯಾಜೆ 1920ರ ದಶಕದಲ್ಲಿ ಮಕ್ಕಳನ್ನು ಕೇಳಿದ್ದ. ಇಲ್ಲಿ ಅದೇ ಪ್ರಶ್ನೆಯನ್ನು ಮಗುವೇ ಕೇಳಿತು ಎಂಬುದು ಗಮನಿಸಬೇಕಾದ ಸಂಗತಿ.

ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಮಗನ ಆ ಒರಟು ಉತ್ತರ. ಗೊತ್ತಿಲ್ಲದವನು ಕೇಳುತ್ತಾನೆ, ಗೊತ್ತಿದ್ದವನು ಹೇಳುತ್ತಾನೆ ಎಂಬುದು ನಾಲ್ಕು ವರ್ಷದ ಮಗುವಿಗೆ ತಿಳಿದಿರುವ ಮಾತಿನ ನಿಯಮ. ಮನೆಯಲ್ಲಿ, ಅಂಗಡಿಯಲ್ಲಿ, ಜಾತ್ರೆಯಲ್ಲಿ ಎಲ್ಲರೂ ಈ ನಿಯಮದಂತೆಯೇ ಮಾತಾಡುತ್ತಾರೆ. ಅದು ತಲೆಕೆಳಗಾಗುವುದು ಶಾಲೆಯಲ್ಲಿ. ಅಲ್ಲಿ ಗೊತ್ತಿದ್ದವರೇ ಕೇಳುತ್ತಾರೆ, ಗೊತ್ತಿಲ್ಲದವರು ಹೇಳಬೇಕು. ಅಮೆರಿಕದ ಹ್ಯೂ ಮೆಹನ್ 1979ರಲ್ಲಿ ಇದನ್ನು ಬಹಳ ಸರಳವಾಗಿ ತೋರಿಸಿಕೊಟ್ಟರು. ದಾರಿಯಲ್ಲಿ ಒಬ್ಬರನ್ನು ಗಂಟೆ ಎಷ್ಟು ಎಂದು ಕೇಳಿ, ಅವರು ಎರಡೂವರೆ ಎಂದರೆ ನಾವು ಧನ್ಯವಾದ ಹೇಳುತ್ತೇವೆ. ತರಗತಿಯಲ್ಲಿ ಶಿಕ್ಷಕರು ಅದೇ ಪ್ರಶ್ನೆ ಕೇಳಿ ಮಗು ಎರಡೂವರೆ ಎಂದರೆ ‘ಗುಡ್, ಕುಳಿತುಕೋ’ ಎನ್ನುತ್ತಾರೆ. ಪದಗಳು ಒಂದೇ, ನಡೆಯುತ್ತಿರುವ ವ್ಯವಹಾರ ಬೇರೆ. ಶಿಕ್ಷಕರ ಪ್ರಶ್ನೆ, ಮಗುವಿನ ಉತ್ತರ, ಶಿಕ್ಷಕರ ತೀರ್ಪು ಎಂಬ ಈ ಮೂರು ಹೆಜ್ಜೆಯ ಕುಣಿತ ಲೋಕದ ಎಲ್ಲ ತರಗತಿಗಳಲ್ಲೂ ಪರಿಚಿತವೇ. ಮಗು ಶಾಲೆಗೆ ಬಂದ ಮೊದಲ ತಿಂಗಳುಗಳಲ್ಲಿ ಅಕ್ಷರದ ಜೊತೆಗೆ ಈ ಕುಣಿತವನ್ನೂ ಕಲಿಯಬೇಕು. ಕೆಲವು ಮಕ್ಕಳು ಬೇಗ ಕಲಿಯುತ್ತಾರೆ. ಕೆಲವರು ಗೋಡೆಗೆ ಒರಗಿ ನೋಡುತ್ತಾ ನಿಲ್ಲುತ್ತಾರೆ.

ನಮ್ಮ ಕನ್ನಡ ತರಗತಿಗಳಲ್ಲಿ ಈ ಕುಣಿತಕ್ಕೆ ಇನ್ನೊಂದು ರೂಪವಿದೆ, ಅದನ್ನು ಯಾವ ಪಠ್ಯಕ್ರಮವೂ ಕಲಿಸುವುದಿಲ್ಲ, ಆದರೂ ಪ್ರತಿ ವರ್ಷ ಹೊಸ ಪ್ರಶಿಕ್ಷಣಾರ್ಥಿಗಳು ಎರಡನೆಯ ಪಾಠದ ಹೊತ್ತಿಗೆ ಅದನ್ನು ಕಲಿತಿರುತ್ತಾರೆ. “ಗಿಡ ಬೆಳೆಯೋದಕ್ಕೆ ಬೇಕಾದದ್ದು ನೀ…” ಎಂದು ಶಿಕ್ಷಕರು ದನಿ ಎಳೆಯುತ್ತಾರೆ. “ರು!” ಎಂದು ಇಡೀ ತರಗತಿ ಕೂಗುತ್ತದೆ. “ನಮ್ಮ ರಾಜ್ಯ ಕರ್ನಾ…” “ಟಕ!” ಇದಕ್ಕೆ ಉಪಯೋಗವೇ ಇಲ್ಲವೆಂದು ನಾನು ಹೇಳುವುದಿಲ್ಲ. ಊಟದ ನಂತರದ ಅವಧಿಯಲ್ಲಿ ತೂಕಡಿಸುವ ಮಕ್ಕಳನ್ನು ಎಬ್ಬಿಸುತ್ತದೆ, ಲಯ ಇದೆ, ಮಕ್ಕಳಿಗೆ ಖುಷಿ. ಆದರೆ ‘ನೀ’ ಎಂದ ಮೇಲೆ ‘ರು’ ಎನ್ನಲು ಗಿಡದ ಬಗ್ಗೆ ಏನೂ ತಿಳಿದಿರಬೇಕಾಗಿಲ್ಲ, ಕನ್ನಡ ಬಂದರೆ ಸಾಕು. ‘ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಉತ್ತಮ’ ಎಂದು ಇಂಥ ಪಾಠಗಳ ಕೆಳಗೆ ಷರಾ ಬರೆದಿರುವುದನ್ನು ಹಳೆಯ ಪಾಠಯೋಜನೆ ಪುಸ್ತಕಗಳಲ್ಲಿ ಬೇಕಾದಷ್ಟು ನೋಡಬಹುದು.

ಮನೆಗಳೂ ಇದರಿಂದ ಪೂರ್ತಿ ಹೊರತಲ್ಲ ಎನ್ನಿ. ಬಂಧುಗಳು ಬಂದಾಗ ಮಗುವನ್ನು ಕರೆದು ನಿಲ್ಲಿಸಿ, ಇದು ಯಾವ ಬಣ್ಣ, ಆನೆಗೆ ಎಷ್ಟು ಕಾಲು, ಒಂದರಿಂದ ಇಪ್ಪತ್ತು ಹೇಳು ಪುಟ್ಟ ಎಂದು ಶುರುಮಾಡುತ್ತಾರೆ. ಹಾಗೆ ಕೇಳಿದ ಹಿರಿಯರೊಬ್ಬರಿಗೆ ನನ್ನ ಮಗ “ನಿಮ್ಮ ಮನೇಲಿ ಆನೆ ಇಲ್ವಾ?” ಎಂದ. ಆನೆಯ ಕಾಲು ಎಣಿಸಿ ಗೊತ್ತಿಲ್ಲದ ಮನುಷ್ಯ ಎಂದು ಅವನಿಗೆ ನಿಜವಾಗಿ ಕನಿಕರವಾಗಿತ್ತು.

ಮನೆಯ ಮಾತು ಮತ್ತು ಶಾಲೆಯ ಮಾತನ್ನು ಅಕ್ಕಪಕ್ಕ ಇಟ್ಟು ನೋಡಿದ ಒಂದು ಅಧ್ಯಯನವನ್ನು ನಮ್ಮ ಪ್ರಶಿಕ್ಷಣಾರ್ಥಿಗಳೆಲ್ಲ ತಿಳಿದಿರಬೇಕು. ಬಾರ್ಬರಾ ಟಿಜಾರ್ಡ್ ಮತ್ತು ಮಾರ್ಟಿನ್ ಹ್ಯೂಸ್ ಲಂಡನ್ನಿನ ಸುಮಾರು ನಾಲ್ಕು ವರ್ಷದ 30 ಹೆಣ್ಣುಮಕ್ಕಳ ಮಾತನ್ನು ಬೆಳಿಗ್ಗೆ ಶಿಶುಶಾಲೆಯಲ್ಲೂ ಮಧ್ಯಾಹ್ನ ಮನೆಯಲ್ಲೂ ಧ್ವನಿಮುದ್ರಿಸಿಕೊಂಡರು. ಪುಸ್ತಕ ಹೊರಬಂದದ್ದು 1984ರಲ್ಲಿ. ಮನೆಯಲ್ಲಿ ತಾಯಿಗೆ ಗಂಟೆಗೆ ಸರಾಸರಿ 26 ಪ್ರಶ್ನೆ ಕೇಳುತ್ತಿದ್ದ ಮಕ್ಕಳು ಶಾಲೆಯಲ್ಲಿ ಶಿಕ್ಷಕಿಗೆ ಕೇಳುತ್ತಿದ್ದದ್ದು ಗಂಟೆಗೆ 2. ಅದೇ ಮಗು, ಅದೇ ದಿನ. ಒಂದು ಸಂಗತಿ ಅರ್ಥವಾಗುವವರೆಗೆ ಬಿಡದೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಾ ಹೋಗುವ ಸಂಭಾಷಣೆಗಳು ಸಿಕ್ಕದ್ದು ಮನೆಗಳಲ್ಲೇ. ಕಾರ್ಮಿಕ ಕುಟುಂಬಗಳ ಮಕ್ಕಳಲ್ಲಿ ಮನೆಗೂ ಶಾಲೆಗೂ ನಡುವಿನ ಅಂತರ ಇನ್ನೂ ಹೆಚ್ಚಾಗಿತ್ತು. ಮನೆಯಲ್ಲಿ ಚುರುಕಾಗಿ ಮಾತಾಡುವ ಮಗು ಶಾಲೆಯಲ್ಲಿ ಮಂಕಾಗಿ ಕಾಣುತ್ತಿತ್ತು. ಅಂಥ ಮಕ್ಕಳ ಮನೆಯಲ್ಲಿ ಮಾತೇ ಇಲ್ಲ, ಅವರಿಗೆ ಭಾಷೆಯೇ ಇಲ್ಲ ಎಂದು ಶಿಕ್ಷಣವಲಯದಲ್ಲಿದ್ದ ನಂಬಿಕೆಗೆ ಈ ಅಧ್ಯಯನ ಪೆಟ್ಟು ಕೊಟ್ಟಿತು. ನಮ್ಮಲ್ಲಿಯೂ ‘ಮನೆಯ ವಾತಾವರಣ ಸರಿಯಿಲ್ಲ’ ಎಂಬ ಮಾತು ಶಿಕ್ಷಕರ ಕೊಠಡಿಯಲ್ಲಿ ಎಷ್ಟು ಸುಲಭವಾಗಿ ಬರುತ್ತದೆ ಎಂಬುದು ಓದುಗರಿಗೆ ಗೊತ್ತು.

ಆ ಅಧ್ಯಯನ ಮುದ್ರಿಸಿಕೊಂಡದ್ದು ತಾಯಿ ಮಗಳ ಮಧ್ಯಾಹ್ನದ ಮಾತನ್ನು. ತಂದೆಯರು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಈ ಕೊರತೆಯನ್ನು ನಾನು ಸ್ವಲ್ಪ ಅಸೂಯೆಯಿಂದಲೇ ಗಮನಿಸಿದೆ. ಏಕೆಂದರೆ ಆ ಪುಸ್ತಕದಲ್ಲಿ ಬರುವ ಒಳ್ಳೆಯ ಮಾತುಕತೆಗಳು ಮಗುವಿಗಾಗಿಯೇ ಮೀಸಲಿಟ್ಟ ಹೊತ್ತಿನಲ್ಲಿ ಹುಟ್ಟಿದವಲ್ಲ. ಊಟ ಬಡಿಸುವಾಗ, ಅಂಗಡಿಯ ಪಟ್ಟಿ ಮಾಡುವಾಗ, ಕಿಟಕಿಯಿಂದ ಹೊರಗೆ ನೋಡುವಾಗ ಹುಟ್ಟಿದವು. ನಮ್ಮ ಮನೆಯ ಅನುಭವವೂ ಅದೇ. ‘ಬಾ, ಈಗ ಅರ್ಧ ಗಂಟೆ ಮಾತಾಡೋಣ’ ಎಂದು ಕುಳಿತರೆ ಮಕ್ಕಳು ಎದ್ದು ಹೋಗುತ್ತಾರೆ. ಕೈಗೆ ಕೆಲಸವಿದ್ದು ಬಾಯಿ ಬಿಡುವಾಗಿದ್ದಾಗ ಪ್ರಶ್ನೆ ಬರುತ್ತದೆ. ಮನೆಗೆಲಸದಲ್ಲಿ ಪಾಲಿಲ್ಲದ ತಂದೆಗೆ ತಪ್ಪಿಹೋಗುವುದು ಕೆಲಸ ಮಾತ್ರವಲ್ಲ, ಆ ಪ್ರಶ್ನೆಗಳೂ ಕೂಡ.

ಅವರೆಕಾಯಿಯ ಕಾಲದಲ್ಲಿ ಒಂದು ಭಾನುವಾರ ಮೂವರೂ ಸುಲಿಯಲು ಕುಳಿತಿದ್ದೆವು. ಒಂದು ಕಾಯಿಯಲ್ಲಿ ಮೂರು ಕಾಳು, ಇನ್ನೊಂದರಲ್ಲಿ ನಾಲ್ಕು, ಕೆಲವದರಲ್ಲಿ ಎರಡು. “ಎಲ್ಲದರಲ್ಲೂ ಒಂದೇ ಥರ ಯಾಕಿಲ್ಲ?” ಎಂದು ಮಗಳು ಕೇಳಿದಳು. ಸರಿಯಾಗಿ ಎಷ್ಟೆಷ್ಟು ಇರುತ್ತವೆ ಎಂದು ನನಗೂ ಗೊತ್ತಿರಲಿಲ್ಲ, ಎಣಿಸೋಣ ಎಂದೆ. ಎರಡು ಕಾಳಿನ ಸಿಪ್ಪೆ ಒಂದು ಸಾಲು, ಮೂರರದ್ದು ಇನ್ನೊಂದು ಸಾಲು, ನಾಲ್ಕರದ್ದು ಮತ್ತೊಂದು ಎಂದು ನೆಲದ ಮೇಲೆ ಜೋಡಿಸುತ್ತಾ ಹೋದೆವು. ಒಂದು ಸಾಲು ಬಾಗಿಲಿನವರೆಗೆ ಹೋಯಿತು. ಹೀಗೆ ಜೋಡಿಸಿದ್ದಕ್ಕೆ ಸ್ತಂಭಾಲೇಖ ಎಂಬ ಹೆಸರಿದೆ, ಆದರೆ ಆ ದಿನ ಅದನ್ನು ಹೇಳಬೇಕೆನಿಸಲಿಲ್ಲ. ಸಿಪ್ಪೆಯೊಳಗೆ ಕಾಳು ಬಲಿಯದೆ ಚುಕ್ಕೆಯಷ್ಟೇ ಉಳಿದ ಜಾಗಗಳನ್ನು ಕಂಡುಹಿಡಿದದ್ದು ಮಗ. “ಇಲ್ಲಿ ಒಂದು ಚಿಕ್ಕ ಪಾಪು ಇದೆ, ದೊಡ್ಡದಾಗಿಲ್ಲ.” ಅವನು ಕಂಡದ್ದು ಸರಿ. ಕಾಯಿಯೊಳಗಿನ ಅಂಡಕಗಳಲ್ಲಿ ಫಲಿತಗೊಂಡು ಬೆಳೆದವು ಕಾಳಾಗುತ್ತವೆ, ಉಳಿದವು ಹಾಗೆಯೇ ಒಣಗುತ್ತವೆ. ಆದ್ದರಿಂದ ಕಾಳಿನ ಲೆಕ್ಕ ಕಾಯಿಯಿಂದ ಕಾಯಿಗೆ ಬದಲಾಗುತ್ತದೆ. ನಡುವೆ ಹುಳ ಬಂತು, ಹುಳಕ್ಕೆ ಅವರೆ ಹಸಿಯಾಗಿಯೇ ರುಚಿಯಾ ಎಂಬ ಚರ್ಚೆಯೂ ಬಂತು. ಸುಲಿಯುವುದು ಮುಗಿಯುವ ಹೊತ್ತಿಗೆ ಮಧ್ಯಾಹ್ನ ಒಂದೂವರೆಯಾಗಿ ಅಡುಗೆಮನೆಯಿಂದ ಆಕ್ಷೇಪಣೆ ಕೇಳಿಬಂತು.

ಇದೇ ಮಗಳ ಬಗ್ಗೆ ಶಾಲೆಯ ಪ್ರಗತಿ ಪತ್ರದಲ್ಲಿ ಹೀಗೆ ಬರೆದಿತ್ತು: ‘ಮೌನಿ. ಪ್ರತಿಕ್ರಿಯೆ ಕಡಿಮೆ. ಮನೆಯಲ್ಲಿ ಮಾತನಾಡಿಸಿ.’

ಪೋಷಕನಾಗಿ ಇದನ್ನು ಓದಿದಾಗ ಆಗುವ ಸಂಕಟವೇ ಬೇರೆ. ಎರಡು ಮೂರು ಪದಗಳ ಷರಾ ಒಂದು ಕುಟುಂಬದ ಊಟದ ಹೊತ್ತನ್ನು ಹೇಗೆ ಕೆಡಿಸಬಹುದು ಎಂಬುದು ಷರಾ ಬರೆಯುವವರಿಗೆ ಸುಲಭವಾಗಿ ಕಾಣುವುದಿಲ್ಲ. ಅಜ್ಜಿ ದೃಷ್ಟಿ ತೆಗೆದರು. ನನ್ನ ಹೆಂಡತಿ ಮಗಳನ್ನು ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗೋಣವೇ ಎಂದಳು. ಅದು ವಿವೇಕದ ಮಾತೇ, ಮಾತು ಕಡಿಮೆಯಿರುವ ಮಗುವಿನ ಕಿವಿಯನ್ನು ಮೊದಲು ಪರೀಕ್ಷಿಸಬೇಕು. ಪರೀಕ್ಷೆಯಾಯಿತು, ಕಿವಿ ಚೆನ್ನಾಗಿತ್ತು. ನಾನು ಮಗಳನ್ನೇ ಕೇಳಿದೆ. ಶಾಲೆಯಲ್ಲಿ ಟೀಚರ್ ಕೇಳಿದಾಗ ಏನಾಗುತ್ತೆ? ಅವಳ ಉತ್ತರ ನೇರವಾಗಿತ್ತು. “ನಾನು ಯೋಚ್ನೆ ಮಾಡೋಷ್ಟ್ರಲ್ಲಿ ಎಲ್ರೂ ಹೇಳ್ಬಿಡ್ತಾರೆ.”

ಬಸ್ಸಿನಲ್ಲಿ ಎದುರಿನ ಬಸ್ಸಿನ ಚಂದ್ರನ ಬಗ್ಗೆ ಕೇಳಲು ಅವಳಿಗೆ ಎಷ್ಟು ಹೊತ್ತು ಬೇಕಾಗಿತ್ತು ಎಂಬುದನ್ನು ಓದುಗರು ನೆನಪಿಸಿಕೊಳ್ಳಬಹುದು. ಎರಡು ಊರು ದಾಟಿದ್ದೆವು.

ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ನೂರಾರು ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ 1970ರ ದಶಕದ ಆರಂಭದಲ್ಲಿ ಕಂಡುಕೊಂಡ ಸಂಗತಿ ಇದಕ್ಕೆ ನೇರವಾಗಿ ಸಂಬಂಧಿಸಿದ್ದು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಪ್ರಶ್ನೆಯನ್ನು ಮತ್ತೆ ಹೇಳುತ್ತಾರೆ, ಬೇರೆಯವರನ್ನು ಕೇಳುತ್ತಾರೆ ಅಥವಾ ತಾವೇ ಉತ್ತರಿಸುತ್ತಾರೆ. ಮಗು ಉತ್ತರ ಹೇಳಿದ ಮೇಲೂ ಅಷ್ಟೇ ಬೇಗ ತೀರ್ಪು ಬೀಳುತ್ತದೆ. ಈ ಎರಡೂ ಕಡೆ ಮೂರು ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು, ಮಕ್ಕಳು ತಾವಾಗಿ ಪ್ರಶ್ನೆ ಕೇಳುವುದು ಹೆಚ್ಚಾಯಿತು. ಶಿಕ್ಷಕರು ನಿಧಾನ ಎಂದು ತಿಳಿದಿದ್ದ ಮಕ್ಕಳು ಮಾತಾಡತೊಡಗಿದರು. ಎರಡನೆಯ ಕಾಯುವಿಕೆ, ಅಂದರೆ ಉತ್ತರ ಬಂದ ಮೇಲಿನದು, ನಮ್ಮ ಪಾಠಗಳಲ್ಲಿ ಬಹುತೇಕ ಇಲ್ಲವೇ ಇಲ್ಲ. ಮಗು ಮೊದಲು ಹೇಳುವುದು ತಲೆಯಲ್ಲಿರುವುದರ ತುದಿ ಮಾತ್ರ. ‘ಗುಡ್’ ಎಂದ ಕೂಡಲೇ ಉಳಿದದ್ದು ಒಳಗೇ ಉಳಿಯುತ್ತದೆ.

ಮೂರು ಸೆಕೆಂಡ್ ಎಂದರೆ ಏನೂ ಅಲ್ಲ ಎನಿಸುತ್ತದೆ. ತರಗತಿಯ ಎದುರು ನಿಂತು, ಹಿಂದೆ ಮೇಲ್ವಿಚಾರಕರು ಪೆನ್ನು ಹಿಡಿದು ಕುಳಿತಿರುವಾಗ, ಮೂರು ಸೆಕೆಂಡ್ ಮೌನವಾಗಿರುವುದು ಎಷ್ಟು ಕಷ್ಟ ಎಂದು ಪ್ರಶಿಕ್ಷಣಾರ್ಥಿ ಮಿತ್ರರು ಒಮ್ಮೆ ಪ್ರಯತ್ನಿಸಿ ನೋಡಬೇಕು. ಆ ಮೌನವನ್ನು ‘ತರಗತಿ ನಿರ್ವಹಣೆಯ ಕೊರತೆ’ ಎಂದು ಓದದಿರುವುದು ನಮ್ಮ, ಅಂದರೆ ಮೇಲ್ವಿಚಾರಕರ, ಜವಾಬ್ದಾರಿ. ಸೂಕ್ಷ್ಮ ಬೋಧನೆಯ ಐದಾರು ನಿಮಿಷದಲ್ಲಿ ಕೌಶಲ ತೋರಿಸುವ ಅವಸರ ಇರುತ್ತದೆ, ಪ್ರಶ್ನೆಗಳು ಪಟಪಟನೆ ಉದುರುತ್ತವೆ. ಅಲ್ಲಿ ಎದುರು ಕುಳಿತವರು ಮಕ್ಕಳಲ್ಲ, ಸಹಪಾಠಿಗಳು. ಅವರಿಗೆ ಯೋಚಿಸಲು ಹೊತ್ತೇ ಬೇಡ. ಆ ಓಟವನ್ನೇ ಪ್ರಶಿಕ್ಷಣಾರ್ಥಿಗಳು ಒಂದನೆಯ ತರಗತಿಗೂ ಒಯ್ಯುತ್ತಾರೆ.

ಪ್ರಶ್ನೆಯನ್ನು ಎರಡನೆಯ ಸಲ ಕೇಳುವುದರ ಬಗ್ಗೆಯೂ ಒಂದು ಮಾತು ಹೇಳಬೇಕು. ಪಿಯಾಜೆಯ ಸಂಖ್ಯಾ ಸಂರಕ್ಷಣೆಯ ಪ್ರಯೋಗ ನಮಗೆಲ್ಲ ಗೊತ್ತು. ಎರಡು ಸಾಲು ಬಿಲ್ಲೆಗಳು ಸಮ ಎಂದು ಮಗು ಒಪ್ಪಿದ ಮೇಲೆ ಒಂದು ಸಾಲನ್ನು ಅಗಲವಾಗಿ ಹರಡಿ ಮತ್ತೆ ಕೇಳಿದರೆ ಉದ್ದದ ಸಾಲಿನಲ್ಲಿ ಹೆಚ್ಚು ಎನ್ನುತ್ತದೆ. ರೋಸ್ ಮತ್ತು ಬ್ಲಾಂಕ್ 1974ರಲ್ಲಿ ಮೊದಲ ಪ್ರಶ್ನೆಯನ್ನು ಬಿಟ್ಟು, ಹರಡಿದ ನಂತರ ಒಂದೇ ಸಲ ಕೇಳಿದರು. ತಪ್ಪುಗಳು ಕಡಿಮೆಯಾದವು. ಅದೇ ವರ್ಷ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ಸಾಲನ್ನು ಕೆದಕುವ ಕೆಲಸವನ್ನು ತುಂಟ ಕರಡಿ ಬೊಂಬೆಯೊಂದಕ್ಕೆ ಒಪ್ಪಿಸಿದರು. ದೊಡ್ಡವರು ಹರಡಿದಾಗ ತಪ್ಪು ಹೇಳುತ್ತಿದ್ದ ವಯಸ್ಸಿನ ಎಷ್ಟೋ ಮಕ್ಕಳು ಕರಡಿ ಕೆದಕಿದಾಗ ಸರಿ ಹೇಳಿದರು. ದೊಡ್ಡವರು ಗಂಭೀರವಾಗಿ ಏನೋ ಬದಲಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ‘ಉತ್ತರವೂ ಬದಲಾಗಬೇಕೇನೋ’ ಎಂದು ಮಗು ಊಹಿಸುತ್ತದೆ. ಬಿಲ್ಲೆಗಿಂತ ಮೊದಲು ಅದು ನಮ್ಮ ಮುಖ ಓದುತ್ತದೆ. ನಮ್ಮ ತರಗತಿಗಳಲ್ಲಿ ಸರಿಯುತ್ತರ ಹೇಳಿದ ಮಗುವನ್ನು ‘ಹೌದಾ? ಇನ್ನೊಂದ್ಸಲ ಹೇಳು’ ಎಂದರೆ ಏನಾಗುತ್ತದೆ ನೋಡಿ. ಹತ್ತರಲ್ಲಿ ಹಲವರು ಉತ್ತರ ಬದಲಿಸುತ್ತಾರೆ.

ಮನೆಯಲ್ಲಿ ಇಬ್ಬರು, ತರಗತಿಯಲ್ಲಿ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು. ಮನೆಯಂತೆ ಶಾಲೆಯೂ ಇರಲಿ ಎಂದರೆ ಶಿಕ್ಷಕರು ನಗುತ್ತಾರೆ, ನಗಬೇಕಾದದ್ದೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದು ಹೇಳುತ್ತದೆ. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದ ದಿನ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಯನ್ನು ಶಾಲೆಯಿಂದ ತೆಗೆದುಹಾಕಲೂ ಆಗುವುದಿಲ್ಲ. ಮಗುವಿಗೆ ಎಷ್ಟು ತಿಳಿದಿದೆ ಎಂದು ಶಿಕ್ಷಕರು ತಿಳಿಯಲೇಬೇಕು. ನನ್ನ ವಾದ ಇಷ್ಟೇ: ಅದೊಂದೇ ಬಗೆಯ ಪ್ರಶ್ನೆಯಿಂದ ದಿನ ತುಂಬಬಾರದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿಕಲಿ ಪದ್ಧತಿಯಲ್ಲಿ ಇದಕ್ಕೆ ಅವಕಾಶವಿದೆ. ಮಕ್ಕಳು ಗುಂಪುಗಳಲ್ಲಿ ಕುಳಿತಿರುತ್ತಾರೆ, ಶಿಕ್ಷಕರು ಒಂದು ಗುಂಪಿನ ಜೊತೆ ನೆಲದ ಮೇಲೆ ಕುಳಿತುಕೊಳ್ಳಬಹುದು. ಐದಾರು ಮಕ್ಕಳು, ಕೈಯಲ್ಲಿ ಕಾರ್ಡು ಅಥವಾ ಬೀಜ, ಕಣ್ಣಿನ ಮಟ್ಟದಲ್ಲಿ ಮಾತು: ಅವರೆಕಾಯಿ ಸುಲಿಯುವ ಜಗಲಿಗೆ ಇದಕ್ಕಿಂತ ಹತ್ತಿರದ ತರಗತಿ ನಮ್ಮಲ್ಲಿಲ್ಲ. ಕಲಿಕಾ ಏಣಿಯ ಮೆಟ್ಟಿಲು ದಾಟಿಸುವ ಅವಸರದಲ್ಲಿ ಆ ಅವಕಾಶ ಕೈತಪ್ಪುತ್ತದೆ ಎಂಬುದೂ ನಿಜ.

ಕಳೆದ ಸಾಲಿನ ಅಭ್ಯಾಸ ಬೋಧನೆಯಲ್ಲಿ ನೋಡಿದ ಎರಡು ಪಾಠಗಳನ್ನು ಇಲ್ಲಿ ಹೇಳಬಹುದು. ವಿಷಯ ಎರಡರದ್ದೂ ನೀರು. ಮೊದಲ ಪಾಠದಲ್ಲಿ ಪ್ರಶಿಕ್ಷಣಾರ್ಥಿ ಕೇಳಿದ್ದು, “ನಮಗೆ ನೀರು ಎಲ್ಲಿಂದ ಬರುತ್ತದೆ?” ಪಾಠಯೋಜನೆಯಲ್ಲಿ ನಿರೀಕ್ಷಿತ ಉತ್ತರ ‘ಮಳೆಯಿಂದ’ ಎಂದಿತ್ತು. ಒಬ್ಬ ನಲ್ಲಿ ಎಂದ, ಇನ್ನೊಬ್ಬಳು ಟ್ಯಾಂಕರ್ ಎಂದಳು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು “ಮೂರು ದಿನಕ್ಕೊಂದ್ಸಲ ಬರುತ್ತೆ ಸಾ” ಎಂದ. “ಎಲ್ಲಿಂದ ಅಂತ ಕೇಳಿದ್ದು, ಕುಳಿತುಕೋ” ಎಂಬ ಉತ್ತರ ಸಿಕ್ಕಿತು. ಕೊನೆಗೆ ‘ಮ…’ ಎಂದು ದನಿ ಎಳೆದು ‘ಳೆ’ ಹೊರಡಿಸಲಾಯಿತು. ಆ ಹುಡುಗ ಹೇಳಿದ್ದು ತನ್ನ ಮನೆಯ ಅತ್ಯಂತ ಮುಖ್ಯವಾದ ಸಂಗತಿ. ನೀರು ಬರುವ ದಿನ ಅವನ ಮನೆಯಲ್ಲಿ ಯಾರು ಕೆಲಸಕ್ಕೆ ತಡವಾಗಿ ಹೋಗುತ್ತಾರೆ, ಎಷ್ಟು ಕೊಡ ತುಂಬುತ್ತಾರೆ, ಯಾವುದಕ್ಕೆ ಮೊದಲು ತುಂಬುತ್ತಾರೆ ಎಂಬ ಇಡೀ ಅರ್ಥಶಾಸ್ತ್ರ ಆ ಒಂದು ವಾಕ್ಯದ ಹಿಂದೆ ಇತ್ತು.

ಎರಡನೆಯ ಪಾಠ ಮಾಡಿದ ಪ್ರಶಿಕ್ಷಣಾರ್ಥಿ ಬೇರೆ ಊರಿನವರು. ಆಕೆ ತಮ್ಮ ಪ್ರಶ್ನೆಯನ್ನು ಹೀಗಿಟ್ಟರು: “ನಾನು ಈ ಊರಿಗೆ ಹೊಸಬಳು. ನಿಮ್ಮ ಮನೆಗೆ ನೀರು ಹೇಗೆ ಬರುತ್ತೆ ಅಂತ ನನಗೆ ಗೊತ್ತಿಲ್ಲ. ಹೇಳ್ತೀರಾ?” ಕೇಳಿ ಸುಮ್ಮನೆ ನಿಂತರು. ಮೊದಲು ಯಾರೂ ಬಾಯಿ ಬಿಡಲಿಲ್ಲ, ಆಮೇಲೆ ನಿಲ್ಲಿಸುವುದು ಕಷ್ಟವಾಯಿತು. ಕೊಳವೆಬಾವಿಯ ಕರೆಂಟ್ ಯಾವಾಗ ಬರುತ್ತದೆ, ಓವರ್‌ಹೆಡ್ ಟ್ಯಾಂಕಿನ ವಾಲ್ವ್ ಯಾರು ತಿರುಗಿಸುತ್ತಾರೆ, ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುವ ಬಗೆ, ನಾಣ್ಯ ಸಿಕ್ಕಿಹಾಕಿಕೊಂಡರೆ ಎಲ್ಲಿ ತಟ್ಟಬೇಕು, ಎಲ್ಲವನ್ನೂ ಹೇಳಿದರು. ಕಪ್ಪುಹಲಗೆಯ ಮೇಲೆ ಆಕೆ ಬಾಣದ ಗುರುತು ಹಾಕುತ್ತಾ ಮನೆಯಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಕೊಳವೆಬಾವಿಗೆ, ಅಲ್ಲಿಂದ ನೆಲದೊಳಗೆ ಹೋದರು. ನೆಲದೊಳಗೆ ಎಲ್ಲಿಂದ ಬಂತು ಎಂದು ಕೇಳಿದವರು ಮಕ್ಕಳು. ಮಳೆ ಎಂದವರೂ ಮಕ್ಕಳೇ.

ಈ ಸಾಲಿನಿಂದ ನಮ್ಮ ನಮೂನೆಯ ಕೆಳಭಾಗದಲ್ಲಿ ಎರಡು ಗೆರೆ ಸೇರಿಸಿದ್ದೇವೆ: ‘ಪಾಠದ ಅವಧಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳು (ಅವರದೇ ಮಾತಿನಲ್ಲಿ ಬರೆಯಿರಿ)’. ಇದಕ್ಕೆ ಅಂಕವಿಲ್ಲ. ಅಂಕ ಇಟ್ಟರೆ ಪ್ರಶ್ನೆ ಕೇಳುವಂತೆ ಮಕ್ಕಳಿಗೆ ಮೊದಲೇ ಹೇಳಿಕೊಡಲಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು, ಅದು ಸರಿಯಾಗಿತ್ತು. ಮೊದಲ ಸುತ್ತಿನಲ್ಲಿ ಹೆಚ್ಚಿನ ನಮೂನೆಗಳು ಆ ಜಾಗದಲ್ಲಿ ಖಾಲಿ ಬಂದವು. ಕೆಲವದರಲ್ಲಿ ‘ಸಾರ್, ನೀರು ಕುಡಿದು ಬರಲಾ?’ ಎಂದಿತ್ತು. ಅದೂ ಪ್ರಶ್ನೆಯೇ, ಬರೆದವರು ಪ್ರಾಮಾಣಿಕರು. ‘ಟೀಚರ್, ನೀವು ನಾಳೆನೂ ಬರ್ತೀರಾ?’ ಎಂದು ಎರಡು ನಮೂನೆಗಳಲ್ಲಿತ್ತು. ಅಭ್ಯಾಸ ಬೋಧನೆಗೆ ಹೋಗುವವರು ಕೆಲವು ವಾರಕ್ಕೆ ಮಾಯವಾಗುತ್ತಾರೆಂದು ಮಕ್ಕಳಿಗೆ ಅನುಭವದಿಂದ ಗೊತ್ತು.

ಒಂದು ನಮೂನೆಯಲ್ಲಿ ಮಾತ್ರ ಹೀಗಿತ್ತು: ‘ನಲ್ಲೀಲಿ ನೀರು ಬರೋಕ್ಕೆ ಮುಂಚೆ ಬುಸ್ ಅಂತ ಗಾಳಿ ಯಾಕೆ ಬರುತ್ತೆ?’ ಅದರ ಎದುರಿಗೆ ಪ್ರಶಿಕ್ಷಣಾರ್ಥಿ ಬರೆದದ್ದು: ‘ನನಗೆ ಗೊತ್ತಿರಲಿಲ್ಲ. ನಾಳೆ ಹೇಳುತ್ತೇನೆ ಎಂದೆ.’ ಮರುದಿನ ನಾನು ಅದೇ ತರಗತಿಗೆ ಹೋದೆ. ಆಕೆ ಆ ಊರಿನ ನೀರುಗಂಟಿಯನ್ನೇ ಕರೆತಂದಿದ್ದರು. ಅವರು ಬಾಗಿಲ ಬಳಿ ಚಪ್ಪಲಿ ಬಿಟ್ಟು, ಕುರ್ಚಿ ಬೇಡವೆಂದು ಮಕ್ಕಳ ಎದುರು ನೆಲದ ಮೇಲೆಯೇ ಕುಳಿತು ಹೇಳಿದರು: ನೀರು ಬಿಡದ ದಿನಗಳಲ್ಲಿ ಪೈಪು ಖಾಲಿಯಾಗಿ ಅದರ ತುಂಬ ಗಾಳಿ ಸೇರಿಕೊಂಡಿರುತ್ತದೆ, ವಾಲ್ವ್ ತಿರುಗಿಸಿದ ಮೇಲೆ ನೀರು ಆ ಗಾಳಿಯನ್ನು ಮುಂದೆ ತಳ್ಳಿಕೊಂಡು ಬರುತ್ತದೆ, ಅದಕ್ಕೇ ಮೊದಲು ಬುಸ್ ಅನ್ನುವುದು. ಮಕ್ಕಳು ಅವರನ್ನು ಇನ್ನೂ ಮುಕ್ಕಾಲು ಗಂಟೆ ಬಿಡಲಿಲ್ಲ. ಎತ್ತರದ ಬೀದಿಗೆ ನೀರು ಕೊನೆಗೆ ಯಾಕೆ ಹೋಗುತ್ತದೆ ಎಂದು ಕೇಳಿದವಳು ಆ ಬೀದಿಯವಳೇ. ಪಾಠಯೋಜನೆಯ ಕೊನೆಯ ಎರಡು ಹಂತಗಳು ಆ ದಿನ ಉಳಿದವು. ಅವನ್ನು ಮುಂದಿನ ಅವಧಿಗೆ ತೆಗೆದುಕೊಳ್ಳುವಂತೆ ಬರೆದು ಸಹಿ ಮಾಡಿದೆ.